ಕಾರಿನ ಟೈರ್ ಗಾಳಿ: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಟೈರಿನ ಗಾಳಿ ಹೆಚ್ಚುಕಡಿಮೆಯಾದರೆ ಕಾರು ಅದನ್ನು ಹಲವು ಬಗೆಯಲ್ಲಿ ತೋರಿಸುತ್ತದೆ: ಸ್ಟೀರಿಂಗ್ ಭಾರವಾಗುತ್ತದೆ, ನೇರ ರಸ್ತೆಯಲ್ಲೂ ಕಾರು ಒಂದು ಕಡೆಗೆ ಎಳೆಯುತ್ತದೆ, ಮೈಲೇಜ್ ಇಳಿಯುತ್ತದೆ, ಟೈರಿನ ಅಂಚುಗಳು ಬೇಗ ಸವೆಯುತ್ತವೆ. ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ತಪ್ಪಿದಾಗ, ಬ್ರೇಕ್ ಕಚ್ಚಿಕೊಂಡಾಗ, ಸಸ್ಪೆನ್ಷನ್ ಸವೆದಾಗಲೂ ಬಹುಪಾಲು ಇವೇ ಲಕ್ಷಣಗಳು ಕಾಣುವುದರಿಂದ, ಗ್ಯಾರೇಜಿನಲ್ಲಿ ಸಾವಿರಾರು ರೂಪಾಯಿ ಖರ್ಚು ಮಾಡುವ ಮೊದಲು ಮನೆಯಂಗಳದಲ್ಲೇ ಮಾಡಬಹುದಾದ ತಪಾಸಣೆಗಳನ್ನು ಮುಗಿಸುವುದು ಒಳ್ಳೆಯದು. ಆದರೆ ಟೈರಿನ ಪಕ್ಕದ ಗೋಡೆ ಉಬ್ಬಿದ್ದರೆ, ಒಳಗಿನ ದಾರ ಅಥವಾ ತಂತಿ ಕಾಣುವಷ್ಟು ಸೀಳಿದ್ದರೆ, ಅಥವಾ ಗಾಳಿಯಿಲ್ಲದ ಟೈರಿನ ಮೇಲೆ ಕಾರು ಸ್ವಲ್ಪ ದೂರವಾದರೂ ಓಡಿದ್ದರೆ, ಉಳಿದದ್ದನ್ನು ಬಿಟ್ಟು “ಮುಂದೆ ಓಡಿಸಬಾರದ ಟೈರು” ಎಂಬ ಭಾಗವನ್ನು ಮೊದಲು ಓದಬೇಕು.

ಯಾವ ಲಕ್ಷಣವಿದ್ದರೂ ಮೊದಲ ಹೆಜ್ಜೆ: ತಣ್ಣನೆಯ ಟೈರಿನ ಅಳತೆ

ಸರಿಯಾದ ಒತ್ತಡ ಎಷ್ಟು ಎಂಬ ಪ್ರಶ್ನೆಗೆ ಉತ್ತರವನ್ನು ಕಾರು ತಯಾರಿಸಿದವರು ಕಾರಿನ ಮೇಲೆಯೇ ಅಂಟಿಸಿರುತ್ತಾರೆ. ಚಾಲಕನ ಬಾಗಿಲನ್ನು ತೆರೆದರೆ ಬಾಗಿಲ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಇಂಧನದ ಮುಚ್ಚಳದ ಒಳಬದಿಯಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಟೈರಿನ ಅಳತೆ, ಮುಂದಿನ ಮತ್ತು ಹಿಂದಿನ ಚಕ್ರಗಳ ಒತ್ತಡ, ಅನೇಕ ಸಲ ಪೂರ್ತಿ ಭಾರ ಹೇರಿದಾಗ ಬೇಕಾಗುವ ಒತ್ತಡವೂ ಪ್ರತ್ಯೇಕವಾಗಿ ಮುದ್ರಿತವಾಗಿರುತ್ತವೆ. ಸಂಖ್ಯೆಗಳು ಪಿಎಸ್‌ಐ ಬದಲು ಕೆಪಿಎ ಅಥವಾ ಬಾರ್ ಎಂಬ ಒತ್ತಡದ ಮಾನಗಳಲ್ಲಿದ್ದರೆ ಗಾಬರಿ ಬೇಡ. 230 ಕೆಪಿಎ ಎಂದರೂ 2.3 ಬಾರ್ ಎಂದರೂ ಸುಮಾರು 33 ಪಿಎಸ್‌ಐ.

ಟೈರಿನ ಪಕ್ಕದ ಗೋಡೆಯ ಮೇಲೆ 44 ಅಥವಾ 51 ಪಿಎಸ್‌ಐ ಎಂದು ಅಚ್ಚೊತ್ತಿರುವುದನ್ನು ನೋಡಿ ಅಷ್ಟೇ ಗಾಳಿ ಹಾಕಿಸುವವರಿದ್ದಾರೆ. ಅದು ಆ ಟೈರು ತಾಳಬಲ್ಲ ಗರಿಷ್ಠ ಮಿತಿ. ಒಂದೇ ಅಳತೆಯ ಟೈರು ಬೇರೆ ಬೇರೆ ತೂಕದ ಹಲವು ಕಾರುಗಳಿಗೆ ಹೊಂದುವುದರಿಂದ, ನಿಮ್ಮ ಕಾರಿಗೆ ಎಷ್ಟು ಬೇಕೆಂಬುದನ್ನು ಟೈರು ತಯಾರಿಸಿದವರು ಆ ಗೋಡೆಯ ಮೇಲೆ ಬರೆಯಲು ಬರುವುದಿಲ್ಲ.

ಚೀಟಿಯಲ್ಲಿರುವ ಸಂಖ್ಯೆ ತಣ್ಣನೆಯ ಟೈರಿಗೆ ಸಂಬಂಧಿಸಿದ್ದು. ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು, ಬಿಸಿಲು ನೇರವಾಗಿ ಟೈರಿನ ಮೇಲೆ ಬೀಳುತ್ತಿರಬಾರದು. ಆದ್ದರಿಂದ ಬೆಳಿಗ್ಗೆ ಕಾರು ತೆಗೆಯುವ ಮುನ್ನ ಸ್ವಂತ ಗೇಜಿನಿಂದ ನಾಲ್ಕೂ ಟೈರುಗಳನ್ನೂ ಸ್ಟೆಪ್ನಿಯನ್ನೂ ಅಳೆದು, ದಿನಾಂಕದೊಡನೆ ಬರೆದಿಡಬೇಕು. ಮುಂದೆ ಹೇಳುವ ಪ್ರತಿಯೊಂದು ತಪಾಸಣೆಯೂ ಈ ಬರಹವನ್ನೇ ಆಧರಿಸಿದೆ. ಇದಿಲ್ಲದೆ ಮಾಡುವ ರೋಗನಿರ್ಣಯವೆಲ್ಲ ಊಹೆಯೇ.

ಪ್ರತಿ ಸಲ ಬೇರೆ ಬೇರೆ ಅಂಕಿ ಕಾಣಿಸಿದರೆ

ಬೆಳಿಗ್ಗೆ 33 ಇದ್ದದ್ದು ಮಧ್ಯಾಹ್ನ ಬಂಕಿನಲ್ಲಿ 37 ತೋರಿಸಿದರೆ ಟೈರಿನಲ್ಲಿ ಯಾವ ದೋಷವೂ ಇಲ್ಲ. ಓಡುವಾಗ ಟೈರು ಪ್ರತಿ ಸುತ್ತಿನಲ್ಲೂ ಚಪ್ಪಟೆಯಾಗಿ ಮತ್ತೆ ಅರಳುವುದರಿಂದ ರಬ್ಬರು ಬಿಸಿಯಾಗುತ್ತದೆ, ಒಳಗಿನ ಗಾಳಿಯೂ ಬಿಸಿಯಾಗಿ ಒತ್ತಡ ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ ಏರುತ್ತದೆ. ಚೀಟಿಯಲ್ಲಿ ಕೊಟ್ಟ ಸಂಖ್ಯೆ ಈ ಏರಿಕೆಯನ್ನು ಗಣನೆಗೆ ತೆಗೆದುಕೊಂಡೇ ನಿಗದಿಯಾದದ್ದು. ಬಿಸಿ ಟೈರಿನಿಂದ ಗಾಳಿ ಬಿಟ್ಟು 33ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ ಅದರಲ್ಲಿ 29ರಷ್ಟೇ ಉಳಿದಿರುತ್ತದೆ.

ಸುತ್ತಲಿನ ಹವೆಯ ಪಾತ್ರವೂ ದೊಡ್ಡದು. ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಬದಲಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಬದಲಾಗುತ್ತದೆ. ಕಲಬುರಗಿಯಲ್ಲಿ 35 ಡಿಗ್ರಿಯಿರುವಾಗ ಸರಿಯಾಗಿ ತುಂಬಿಸಿದ ಟೈರು ಮಡಿಕೇರಿಯ 15 ಡಿಗ್ರಿಯ ಮುಂಜಾವಿನಲ್ಲಿ 3 ಪಿಎಸ್‌ಐ ಕಡಿಮೆ ತೋರಿಸಿದರೆ, ಗಾಳಿ ಎಲ್ಲಿಯೂ ಸೋರಿಲ್ಲ. ಎತ್ತರದ ಪರಿಣಾಮ ಇದಕ್ಕೆ ವಿರುದ್ಧ ದಿಕ್ಕಿನದು: ಗೇಜು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು ಅಳೆಯುತ್ತದೆ, ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಬಂದರೆ ಹೊರಗಿನ ವಾಯುಭಾರ ಕುಸಿದು, ತಾಪಮಾನ ಒಂದೇ ಇದ್ದಲ್ಲಿ ಗೇಜಿನ ಅಂಕಿ ಒಂದೂವರೆ ಪಿಎಸ್‌ಐನಷ್ಟು ಏರುತ್ತದೆ. ಬೆಂಗಳೂರಿನ ಹವೆ ತಂಪಾಗಿರುವುದರಿಂದ ಇವೆರಡೂ ಬಹುಮಟ್ಟಿಗೆ ಸರಿದೂಗುತ್ತವೆ. ಬೇರೆ ಊರಿನಲ್ಲಿ ಹಲವು ದಿನ ಉಳಿಯುವುದಾದರೆ ಅಲ್ಲಿನ ಬೆಳಗಿನ ತಂಪಿನಲ್ಲಿ ಮತ್ತೊಮ್ಮೆ ಅಳೆದು ಸರಿಪಡಿಸಿದರೆ ಸಾಕು.

ಇಷ್ಟಾದರೂ ಅಂಕಿಗಳು ಹೊಂದದಿದ್ದರೆ ಗೇಜನ್ನೇ ಸಂಶಯಿಸಬೇಕು. ಒಂದೇ ಟೈರನ್ನು ಎರಡು ಮೂರು ಗೇಜುಗಳಿಂದ ಒಂದರ ಹಿಂದೊಂದು ಅಳೆದರೆ ಯಾವುದು ತಪ್ಪುತ್ತಿದೆ ಎಂಬುದು ತಿಳಿಯುತ್ತದೆ. ಬಂಕಿನ ಯಂತ್ರದಲ್ಲಿ ಹಿಂದಿನ ಗಾಡಿಗೆ ಇಟ್ಟ ಸಂಖ್ಯೆ ಹಾಗೆಯೇ ಉಳಿದಿರುವುದು ತೀರ ಸಾಮಾನ್ಯ. ಪೈಪು ಸಿಕ್ಕಿಸುವ ಮೊದಲು ಪರದೆಯ ಮೇಲಿನ ಅಂಕಿಯನ್ನು ಇಳಿದು ನೋಡಬೇಕು. ದಾರಿಯಲ್ಲಿ ಬಿಸಿ ಟೈರಿಗೇ ಗಾಳಿ ತುಂಬಿಸಬೇಕಾಗಿ ಬಂದರೆ ಚೀಟಿಯ ಸಂಖ್ಯೆಗಿಂತ 3–4 ಪಿಎಸ್‌ಐ ಹೆಚ್ಚಿಗೆ ಹಾಕಿಸಿ, ಮರುದಿನ ಬೆಳಿಗ್ಗೆ ಮನೆಯಲ್ಲಿ ಸರಿಪಡಿಸಿಕೊಳ್ಳಬಹುದು.

ನೈಟ್ರೋಜನ್ ತುಂಬಿಸಿದರೆ ಈ ಏರಿಳಿತ ನಿಲ್ಲುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿಯೇ ನೈಟ್ರೋಜನ್ 78 ಶೇಕಡಾ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ತೇವಾಂಶವಿರುವುದಿಲ್ಲ, ಲಾಭ ಅಷ್ಟೇ. ತುರ್ತಿನಲ್ಲಿ ಅದರ ಜೊತೆ ಮಾಮೂಲಿ ಗಾಳಿ ಬೆರೆಸಿದರೆ ಯಾವ ಹಾನಿಯೂ ಇಲ್ಲ.

ಒಂದೇ ಟೈರಿನಲ್ಲಿ ಗಾಳಿ ಇಳಿಯುತ್ತಿದ್ದರೆ

ಆರೋಗ್ಯವಾಗಿರುವ ಟೈರು ಕೂಡ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ, ಏಕೆಂದರೆ ರಬ್ಬರಿನ ಮೂಲಕವೇ ಗಾಳಿ ಬಹಳ ನಿಧಾನವಾಗಿ ಹೊರಹೋಗುತ್ತದೆ. ನಾಲ್ಕೂ ಟೈರುಗಳು ಸಮನಾಗಿ ಇಳಿದಿದ್ದರೆ ಅದು ಸಹಜ. ಉಳಿದ ಮೂರೂ 32ರಲ್ಲಿದ್ದು ಒಂದು ಮಾತ್ರ 27ಕ್ಕೆ ಇಳಿದಿದ್ದರೆ ಅಲ್ಲಿ ಸೋರಿಕೆ ಇದೆ ಎಂದೇ ಅರ್ಥ. ವಾರಕ್ಕೊಮ್ಮೆ ಗಾಳಿ ತುಂಬಿಸಿಕೊಂಡು ಓಡಿಸುವ ಅಭ್ಯಾಸ ಅಪಾಯಕಾರಿ, ಏಕೆಂದರೆ ಇಂದು ವಾರದಲ್ಲಿ ಸೋರುವುದು ಹೆದ್ದಾರಿಯ ವೇಗದಲ್ಲಿ ಗಂಟೆಯೊಳಗೆ ಸೋರಿಹೋಗಬಹುದು.

ಹುಡುಕಾಟವನ್ನು ವಾಲ್ವ್‌ನಿಂದ ಆರಂಭಿಸಬೇಕು. ಮುಚ್ಚಳ ತೆಗೆದು ವಾಲ್ವ್‌ನ ಬಾಯಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿದಾಗ ಗುಳ್ಳೆ ಎದ್ದರೆ ಒಳಗಿನ ಪಿನ್ ಸಡಿಲವಾಗಿದೆ ಅಥವಾ ಅದರಲ್ಲಿ ಧೂಳು ಸಿಕ್ಕಿಕೊಂಡಿದೆ. ಪಂಕ್ಚರ್ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಅದನ್ನು ಬದಲಿಸುತ್ತಾರೆ. ವಾಲ್ವ್‌ನ ರಬ್ಬರ್ ಬುಡವನ್ನು ಬೆರಳಿನಿಂದ ಮೆಲ್ಲಗೆ ಬಗ್ಗಿಸಿದಾಗ ಸಣ್ಣ ಬಿರುಕುಗಳು ಕಂಡರೆ ಇಡೀ ವಾಲ್ವನ್ನೇ ಬದಲಿಸಬೇಕು. ಹೊಸ ಟೈರು ಹಾಕಿಸುವಾಗಲೆಲ್ಲ ವಾಲ್ವ್ ಕೂಡ ಹೊಸದಾಗಿರಲಿ ಎಂದು ಅಂಗಡಿಯವರಿಗೆ ಹೇಳಿ ಮಾಡಿಸಿಕೊಂಡರೆ ಈ ತೊಂದರೆ ಬಹುಪಾಲು ಬರುವುದೇ ಇಲ್ಲ.

ಆಮೇಲೆ ಟ್ರೆಡ್, ಅಂದರೆ ರಸ್ತೆಗೆ ತಾಗುವ, ತೋಡುಗಳಿರುವ ಹೊರಮೈ. ಕಾರನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತ ಇಡೀ ಸುತ್ತನ್ನು ನೋಡಬೇಕು. ಮೊಳೆ ಅಥವಾ ತಿರುಪು ಕಂಡರೆ ಕೂಡಲೇ ಕಿತ್ತುಹಾಕಬಾರದು. ಟ್ಯೂಬ್‌ಲೆಸ್ ಟೈರಿನಲ್ಲಿ ಚುಚ್ಚಿಕೊಂಡ ಮೊಳೆಯೇ ತೂತನ್ನು ಬಹಳಷ್ಟು ಮುಚ್ಚಿರುತ್ತದೆ, ಹಾಗಾಗಿ ಸೀಮೆಸುಣ್ಣದಿಂದ ಗುರುತು ಮಾಡಿ, ಗಾಳಿ ತುಂಬಿಸಿ, ಹತ್ತಿರದ ಅಂಗಡಿಗೆ ನಿಧಾನವಾಗಿ ಹೋಗಬಹುದು. ಅಂಗಡಿಯಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಅಂಟು ಸವರಿದ ಹುರಿಯನ್ನು ತುರುಕಿ ಕೆಲಸ ಮುಗಿಸುತ್ತಾರೆ. ಊರು ಮುಟ್ಟಲು ಅದು ಸಾಕು. ಆದರೆ ಟೈರನ್ನು ಡಿಸ್ಕಿನಿಂದ (ಟೈರು ಕೂರುವ ಲೋಹದ ಚಕ್ರದಿಂದ) ಕಳಚಿ ಒಳಮೈಯನ್ನು ಪರೀಕ್ಷಿಸಿ, ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆಯಾಕಾರದ ತೇಪೆ) ಹಾಕಿಸುವುದೇ ನಿಜವಾದ ದುರಸ್ತಿ, ಏಕೆಂದರೆ ಒಳಗಿನ ತಂತಿ ಮತ್ತು ದಾರಕ್ಕೆ ಆದ ಹಾನಿ ಹೊರಗಿನಿಂದ ಎಂದೂ ಕಾಣುವುದಿಲ್ಲ. ತೂತು 6 ಮಿಲಿಮೀಟರಿಗಿಂತ ದೊಡ್ಡದಿದ್ದರೆ, ಅಥವಾ ಟ್ರೆಡ್ ಬಿಟ್ಟು ಭುಜದಲ್ಲೋ (ಟ್ರೆಡ್ ಮತ್ತು ಗೋಡೆ ಸೇರುವ ಅಂಚಿನಲ್ಲಿ) ಪಕ್ಕದ ಗೋಡೆಯಲ್ಲೋ ಇದ್ದರೆ ದುರಸ್ತಿ ಮಾಡಿಸುವಂತಿಲ್ಲ. ಓಡುವಾಗ ಅತಿ ಹೆಚ್ಚು ಬಾಗುವ ಜಾಗ ಪಕ್ಕದ ಗೋಡೆಯೇ ಆದ್ದರಿಂದ ಅಲ್ಲಿ ಯಾವ ಪ್ಯಾಚೂ ನಿಲ್ಲುವುದಿಲ್ಲ.

ವಾಲ್ವ್ ಸರಿಯಿದ್ದು, ಮೊಳೆಯೂ ಸಿಗದೆ, ಗಾಳಿ ಮಾತ್ರ ಇಳಿಯುತ್ತಲೇ ಇದ್ದರೆ ಟೈರು ಡಿಸ್ಕಿಗೆ ಕೂರುವ ಅಂಚಿಗೆ ಸೋಪಿನ ನೀರು ಹಾಕಿ ನೋಡಬೇಕು. ಕಾರವಾರ, ಮಂಗಳೂರುಗಳಂಥ ಕರಾವಳಿಯ ಉಪ್ಪು ಹವೆಯಲ್ಲಿ ಡಿಸ್ಕಿನ ಅಂಚು ತುಕ್ಕು ಹಿಡಿದು ಅಥವಾ ಅಲಾಯ್ ಚಕ್ರದ ಬಣ್ಣ ಸುಲಿದು ಟೈರು ಬಿಗಿಯಾಗಿ ಕೂರುವುದಿಲ್ಲ. ಗುಂಡಿಗೆ ಬಿದ್ದು ಡಿಸ್ಕು ಕೊಂಚ ಮಡಚಿದ್ದರೂ ಇದೇ ಫಲ. ಟೈರು ಬಿಚ್ಚಿ ಅಂಚನ್ನು ಉಜ್ಜಿ ಶುಚಿ ಮಾಡಿಸಿದರೆ ತುಕ್ಕಿನ ಸೋರಿಕೆ ನಿಲ್ಲುತ್ತದೆ. ಬಿರುಕು ಬಿಟ್ಟ ಅಲಾಯ್ ಚಕ್ರವನ್ನು ಬೆಸುಗೆ ಹಾಕಿಸಿ ಬಳಸುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿದರೆ

ಬೊಗಸೆಯಾಕಾರದ ಗೆರೆಯೊಳಗೆ ಉದ್ಗಾರ ಚಿಹ್ನೆಯಿರುವ ದೀಪ ನಿರಂತರವಾಗಿ ಉರಿದರೆ ಯಾವುದೋ ಟೈರಿನ ಗಾಳಿ ಇಳಿದಿದೆ. ಕಾರು ಚಾಲೂ ಮಾಡಿದಾಗ ಒಂದು ನಿಮಿಷದಷ್ಟು ಹೊತ್ತು ಮಿಣುಕಿ ಆಮೇಲೆ ಬಿಡದೆ ಉರಿದರೆ ದೋಷ ಟೈರಿನಲ್ಲಿಲ್ಲ, ಸಂವೇದಕದ ವ್ಯವಸ್ಥೆಯಲ್ಲಿದೆ. ಚಕ್ರದೊಳಗೆ ಕೂತಿರುವ ಸಂವೇದಕದ ಬ್ಯಾಟರಿ ವರ್ಷಗಳು ಕಳೆದಂತೆ ಮುಗಿದುಹೋಗುತ್ತದೆ. ಇನ್ನು ಕೆಲವು ಕಾರುಗಳು ಒತ್ತಡವನ್ನು ನೇರವಾಗಿ ಅಳೆಯದೆ, ಗಾಳಿ ಇಳಿದ ಚಕ್ರ ತುಸು ಚಿಕ್ಕದಾಗಿ ಬೇಗ ತಿರುಗುವುದನ್ನು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಮೂಲಕ ಗುರುತಿಸುತ್ತವೆ. ಇಂಥವುಗಳಲ್ಲಿ ಗಾಳಿ ಸರಿಪಡಿಸಿದ ಮೇಲೆ ಗುಂಡಿ ಒತ್ತಿ ಹೊಸ ಅಳತೆಯನ್ನು ಕಲಿಸಬೇಕು, ಇಲ್ಲದಿದ್ದರೆ ದೀಪ ಆರುವುದಿಲ್ಲ. ನಾಲ್ಕೂ ಟೈರುಗಳು ಸಮನಾಗಿ ಇಳಿದಾಗ ಈ ಎರಡನೆಯ ಬಗೆ ಮೋಸ ಹೋಗುವ ಸಂಭವವೂ ಇದೆ. ದೀಪ ಉರಿಯುತ್ತಿಲ್ಲ ಎಂಬ ಧೈರ್ಯದ ಮೇಲೆ ತಿಂಗಳ ತಪಾಸಣೆಯನ್ನು ಬಿಡಬಾರದು, ಏಕೆಂದರೆ ಒತ್ತಡ ಗಣನೀಯವಾಗಿ ಇಳಿದ ಮೇಲಷ್ಟೇ ಅದು ಎಚ್ಚರಿಸುತ್ತದೆ. ಅಮೆರಿಕದ ನಿಯಮದಲ್ಲಿ ಆ ಮಿತಿ 25 ಶೇಕಡಾ. 33 ಪಿಎಸ್‌ಐ ಬೇಕಾದ ಟೈರು 25ಕ್ಕೆ ಇಳಿಯುವವರೆಗೂ ದೀಪ ಸುಮ್ಮನಿರಬಹುದು.

ಸ್ಟೀರಿಂಗ್ ಭಾರವಾದರೆ, ಕಾರು ಒಂದು ಕಡೆಗೆ ಎಳೆದರೆ

ಮುಂದಿನ ಎರಡೂ ಟೈರುಗಳಲ್ಲಿ ಗಾಳಿ ಇಳಿದರೆ ಸ್ಟೀರಿಂಗ್ ಭಾರವಾಗುತ್ತದೆ, ಒಂದರಲ್ಲಿ ಮಾತ್ರ ಇಳಿದರೆ ಕಾರು ಆ ಕಡೆಗೆ ಎಳೆಯುತ್ತದೆ. ತಣ್ಣನೆಯ ಅಳತೆಯಲ್ಲಿ ಎಡಬಲಗಳ ನಡುವೆ ವ್ಯತ್ಯಾಸವಿದ್ದರೆ ಅದನ್ನು ಸರಿಪಡಿಸಿ ಮತ್ತೆ ಓಡಿಸಿ ನೋಡಬೇಕು. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿರುವುದರಿಂದ ಎಡಕ್ಕೆ ಅಲ್ಪಸ್ವಲ್ಪ ಜಾರುವುದು ದೋಷವಲ್ಲ. ಸಮತಟ್ಟಾದ ಜಾಗದಲ್ಲಿ ಪರೀಕ್ಷಿಸಿದರೆ ಮಾತ್ರ ನಿಜ ಗೊತ್ತಾಗುತ್ತದೆ.

ಗಾಳಿ ಸಮನಾಗಿದ್ದೂ ಎಳೆತ ಉಳಿದರೆ ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿ ಓಡಿಸಬೇಕು. ಪಕ್ಕದ ಗೋಡೆಯ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳನ್ನು ಹೀಗೆ ಬದಲಿಸಬಾರದು. ಎಳೆತದ ದಿಕ್ಕು ತಿರುಗಿದರೆ ದೋಷ ಟೈರಿನೊಳಗಿನದು, ತಿರುಗದಿದ್ದರೆ ಅಲೈನ್‌ಮೆಂಟ್ ಅಥವಾ ಬ್ರೇಕಿನದು. ಹೆಚ್ಚು ಬ್ರೇಕ್ ಹಾಕದೆ ಕೆಲವು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಚಕ್ರಗಳ ಹತ್ತಿರ ಅಂಗೈಯನ್ನು ಮುಟ್ಟಿಸದೆ ಹಿಡಿದಾಗ ಒಂದರಿಂದ ಮಾತ್ರ ಕಾವು ಹೊಮ್ಮುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ. ಘಾಟಿ ಇಳಿಯುವ ಮೊದಲು ಅದನ್ನು ಮೆಕ್ಯಾನಿಕ್‌ಗೆ ತೋರಿಸಲೇಬೇಕು.

ಮೈಲೇಜ್ ಕುರಿತು ಒಂದು ಮಾತು. ಗಾಳಿ ಕಡಿಮೆಯಾದರೆ ಇಂಧನ ಹೆಚ್ಚು ಖರ್ಚಾಗುವುದು ನಿಜ, ಆದರೆ ಕೆಲವೇ ಪಿಎಸ್‌ಐ ಇಳಿಕೆಯ ಪರಿಣಾಮ ಸಣ್ಣದು. ಲೀಟರಿಗೆ ಮೂರು ನಾಲ್ಕು ಕಿಲೋಮೀಟರ್ ಒಮ್ಮೆಲೇ ಇಳಿದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಕಾರು ಕುಪ್ಪಳಿಸಿದರೆ, ಅದುರಿದರೆ

ಸಣ್ಣ ಕಲ್ಲಿನ ಮೇಲೆ ಹತ್ತಿದರೂ ಏಟು ಸೀಟಿನವರೆಗೆ ಬರುವುದು, ರಸ್ತೆಯುಬ್ಬಿನ ಬಳಿಕ ಕಾರು ಕುಪ್ಪಳಿಸುವುದು ಗಾಳಿ ಹೆಚ್ಚಾಗಿರುವುದರ ಗುರುತು. ಬಿಗಿದ ಟೈರಿನ ಮಧ್ಯಭಾಗ ಮಾತ್ರ ರಸ್ತೆಗೆ ತಾಗುವುದರಿಂದ ಒದ್ದೆ ರಸ್ತೆಯಲ್ಲಿ ಹಿಡಿತವೂ ಕುಗ್ಗುತ್ತದೆ. ತಣ್ಣಗಿರುವಾಗ ಚೀಟಿಯ ಸಂಖ್ಯೆಗೆ ಇಳಿಸಿದರೆ ಸರಿಹೋಗುತ್ತದೆ. ಇದಕ್ಕೆ ಬದಲಾಗಿ, ಗಂಟೆಗೆ 80ರಿಂದ 100 ಕಿಲೋಮೀಟರ್ ವೇಗದಲ್ಲಿ ಮಾತ್ರ ಸ್ಟೀರಿಂಗ್ ನಡುಗಿದರೆ ಗಾಳಿಯನ್ನು ಮುಟ್ಟದೆ ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕವನ್ನು ಸುತ್ತಲೂ ಸಮನಾಗಿಸುವುದು) ಮಾಡಿಸಬೇಕು. ನಡುಕ ಇದ್ದಕ್ಕಿದ್ದಂತೆ ಆರಂಭವಾಗಿ ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದ್ದರೆ ಟೈರಿನ ಒಳಪದರ ಕಳಚುತ್ತಿರಬಹುದು; ಆಗ ಓಡಿಸುವುದನ್ನು ನಿಲ್ಲಿಸಬೇಕು.

ಟ್ರೆಡ್ ಒಂದೇ ಸಮನಾಗಿ ಸವೆಯದಿದ್ದರೆ

ತಿಂಗಳುಗಟ್ಟಲೆ ಗಾಳಿ ಹೇಗಿತ್ತು ಎಂಬುದರ ದಾಖಲೆ ಟ್ರೆಡ್‌ನಲ್ಲಿಯೇ ಉಳಿದಿರುತ್ತದೆ. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಬಹುಕಾಲ ಕಡಿಮೆಯಿತ್ತು. ನಡುಭಾಗ ಸವೆದು ಅಂಚುಗಳು ಉಳಿದಿದ್ದರೆ ಹೆಚ್ಚಿತ್ತು. ಒಳ ಅಂಚು ಅಥವಾ ಹೊರ ಅಂಚು ಒಂದೇ ಸವೆದಿದ್ದರೆ ಅದು ಅಲೈನ್‌ಮೆಂಟಿನ ದೋಷ. ಒಳ ಅಂಚಿನ ಸವೆತ ನಿಂತ ನೋಟಕ್ಕೆ ಕಾಣುವುದೇ ಇಲ್ಲವಾದ್ದರಿಂದ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ, ಬಗ್ಗಿ ನೋಡಬೇಕು. ಟ್ರೆಡ್ ಮೇಲೆ ಅಂಗೈ ಸವರಿದಾಗ ಒಂದು ದಿಕ್ಕಿನಲ್ಲಿ ನುಣುಪಾಗಿಯೂ ಎದುರು ದಿಕ್ಕಿನಲ್ಲಿ ಗರಗಸದ ಹಲ್ಲಿನಂತೆ ಚೂಪಾಗಿಯೂ ತಗುಲಿದರೆ ಅದೂ ಅಲೈನ್‌ಮೆಂಟಿನದೇ ಸೂಚನೆ. ತಂತಿ ಹೊರಬಂದಿದ್ದರೆ ಕೈ ಕುಯ್ಯುವುದರಿಂದ ಮೊದಲು ಕಣ್ಣಿನಿಂದ ನೋಡಿಯೇ ಸವರಬೇಕು. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ.

ಗಾಳಿ ಸರಿಪಡಿಸಿದ ಮಾತ್ರಕ್ಕೆ ಸವೆದುಹೋದ ರಬ್ಬರು ಮರಳುವುದಿಲ್ಲ. ತೋಡುಗಳ ತಳದಲ್ಲಿ ಅಡ್ಡಲಾಗಿರುವ ಸಣ್ಣ ದಿಂಡುಗಳು 1.6 ಮಿಲಿಮೀಟರ್ ಎತ್ತರದವು. ಟ್ರೆಡ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೂ ಆ ಟೈರಿನ ಆಯುಷ್ಯ ಮುಗಿದಂತೆ. ಪಕ್ಕದ ಗೋಡೆಯ ನಾಲ್ಕಂಕಿಯ ಸಂಖ್ಯೆಯನ್ನೂ ಇದೇ ಸಮಯದಲ್ಲಿ ನೋಡಿಕೊಳ್ಳಬಹುದು: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು.

ಮಳೆಯಲ್ಲಿ ಹಿಡಿತ ತಪ್ಪಿದಂತಾದರೆ

ನಿಂತ ನೀರಿನ ಮೇಲೆ ಹೋಗುವಾಗ ಸ್ಟೀರಿಂಗ್ ಒಮ್ಮೆಲೇ ಹಗುರವಾದರೆ ಟೈರು ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತಿದೆ. 1960ರ ದಶಕದಲ್ಲಿ ನಾಸಾ ವಿಮಾನದ ಟೈರುಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ತೇಲುವಿಕೆ ಆರಂಭವಾಗುವ ವೇಗ ಟೈರಿನ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂದು ಕಂಡುಬಂತು. ಆ ಸೂತ್ರದಂತೆ 33 ಪಿಎಸ್‌ಐಗೆ ಗಂಟೆಗೆ ಸುಮಾರು 95 ಕಿಲೋಮೀಟರ್, 24 ಪಿಎಸ್‌ಐಗೆ ಸುಮಾರು 82 ಕಿಲೋಮೀಟರ್. ಕಾರಿನ ಟೈರಿನಲ್ಲಿ ಟ್ರೆಡ್‌ನ ಆಳ, ನೀರಿನ ಆಳಗಳೂ ಸೇರಿಕೊಳ್ಳುವುದರಿಂದ ಇದನ್ನು ಅಂದಾಜೆಂದೇ ತಿಳಿಯಬೇಕು, ಆದರೂ ಗಾಳಿ ಇಳಿದ ಟೈರು ಮೊದಲೇ ತೇಲುತ್ತದೆ ಎಂಬುದು ಸ್ಪಷ್ಟ. ಆ ಕ್ಷಣದಲ್ಲಿ ಬ್ರೇಕ್ ತುಳಿಯದೆ, ಸ್ಟೀರಿಂಗ್ ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆಯಬೇಕು.

ಜನ ತುಂಬಿದಾಗ ಹಿಂಭಾಗ ತೂಗಾಡಿದರೆ

ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹೇರಿ ಹೊರಟಾಗ ಮಾತ್ರ ಕಾರಿನ ಹಿಂಭಾಗ ತಿರುವುಗಳಲ್ಲಿ ತೂಗಾಡುತ್ತಿದ್ದರೆ, ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಹೇಳಿರುವ ಒತ್ತಡವನ್ನು ಹೊರಡುವ ದಿನ ಬೆಳಿಗ್ಗೆಯೇ ತುಂಬಿಸಬೇಕು. ಟೈರಿನ ಅಳತೆಯ ಕೊನೆಯಲ್ಲಿ 88 ಎಂದಿದ್ದರೆ ಆ ಟೈರು 560 ಕಿಲೋ ಹೊರಬಲ್ಲದು, ಆದರೆ ತಕ್ಕ ಗಾಳಿಯಿದ್ದಾಗ ಮಾತ್ರ. ಭಾರ ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಒಳಗಿನ ಗಾಳಿಯೇ. ಮರಳಿ ಬಂದ ಮೇಲೆ ಮೊದಲಿನ ಮಟ್ಟಕ್ಕೆ ಇಳಿಸಬೇಕು.

ಬೇಸಿಗೆಯಲ್ಲಿ ಟೈರು ಸಿಡಿಯದಿರಲೆಂದು ಗಾಳಿ ಕಡಿಮೆ ಇಡುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಅದು ಅಪಾಯವನ್ನು ಹೆಚ್ಚಿಸುತ್ತದೆ. ಗಾಳಿ ಕಡಿಮೆಯಿದ್ದಷ್ಟೂ ಗೋಡೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯೇರುತ್ತದೆ, ಬಿಸಿಯೇರಿದ ರಬ್ಬರು ಒಳಗಿನ ಉಕ್ಕಿನ ಪದರದಿಂದ ಬಿಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳಲ್ಲಿ ಫೈರ್‌ಸ್ಟೋನ್ ಟೈರುಗಳ ಟ್ರೆಡ್ ಕಳಚಿ ಸರಣಿ ಅಪಘಾತಗಳಾಗಿ, 2000ದ ಆಗಸ್ಟಿನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂಪಡೆಯಬೇಕಾಯಿತು. ತಯಾರಿಕೆಯ ದೋಷ, ಬಿಸಿ ಹವೆ, ವೇಗ, ಭಾರಗಳ ಜೊತೆಗೆ ಫೋರ್ಡ್ ಸೂಚಿಸಿದ್ದ 26 ಪಿಎಸ್‌ಐ ಒತ್ತಡವೂ ಆ ಚರ್ಚೆಯ ಕೇಂದ್ರದಲ್ಲಿತ್ತು. ಗಾಳಿ ಇಳಿದದ್ದನ್ನು ತಿಳಿಸುವ ದೀಪ ಅಲ್ಲಿ ಕಡ್ಡಾಯವಾದದ್ದು ಅದೇ ವರ್ಷ ಬಂದ ಕಾನೂನಿನಿಂದ.

ಮುಂದೆ ಓಡಿಸಬಾರದ ಟೈರು

ಪಕ್ಕದ ಗೋಡೆ ಗುಳ್ಳೆಯಂತೆ ಉಬ್ಬಿದ್ದರೆ ಒಳಗಿನ ದಾರಗಳು ತುಂಡಾಗಿವೆ, ಗಾಳಿಯನ್ನು ತಡೆದಿರುವುದು ಬರಿಯ ರಬ್ಬರು. ಇದಕ್ಕೆ ದುರಸ್ತಿಯೇ ಇಲ್ಲ. ಅಲ್ಲಿಯೇ ಸ್ಟೆಪ್ನಿ ಹಾಕಬೇಕು. ಗಾಳಿಯಿಲ್ಲದೆ ಓಡಿದ ಟೈರು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೋಡೆ ಜಜ್ಜಿ ಹೋಗಿರುತ್ತದೆ. ಬಿಚ್ಚಿದಾಗ ಒಳಗೆ ಕಪ್ಪು ರಬ್ಬರಿನ ಪುಡಿ ಸಿಕ್ಕರೆ ಆ ಟೈರನ್ನು ಎಸೆಯುವುದೇ ಸರಿ. ಅಂಥ ಟೈರಿಗೆ ಗಾಳಿ ತುಂಬಿಸುವಾಗ ಗೋಡೆ ಒಡೆದು ಸಿಡಿಯಬಹುದು, ಆದ್ದರಿಂದ ಒಳಗೆ ಪರೀಕ್ಷಿಸದೆ ಗಾಳಿ ಹಾಕಲು ಯಾರನ್ನೂ ಒತ್ತಾಯಿಸಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಹೆದ್ದಾರಿಯಲ್ಲಿ ಟೈರು ಸೋತರೆ ವೇಗವನ್ನು ನಿಧಾನವಾಗಿ ಇಳಿಸಿ, ಎಡ ಅಂಚಿನ ಆಚೆಗೆ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರನ್ನೂ ರಸ್ತೆಯಿಂದ ದೂರದ ಬದಿಗೆ ಇಳಿಸಬೇಕು. ಗಾಡಿಗಳು ಪಕ್ಕದಲ್ಲೇ ರಭಸದಿಂದ ಹಾಯುತ್ತಿದ್ದರೆ, ಕತ್ತಲಿದ್ದರೆ, ಅಥವಾ ನೆಲ ಮೆತ್ತಗಿದ್ದು ಜಾಕ್ ಹೂತುಹೋಗುವಂತಿದ್ದರೆ ಚಕ್ರ ಬದಲಿಸುವ ಸಾಹಸ ಬೇಡ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಬೇರೆಡೆ 112 ಸಂಖ್ಯೆಗೆ ಕರೆ ಮಾಡಿದರೆ ನೆರವು ಸಿಗುತ್ತದೆ. ಬದಲಿಸುವುದೇ ಆದರೆ ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಂದು ಚಕ್ರಕ್ಕೆ ಕಲ್ಲು ಕೊಟ್ಟು, ಕಾರನ್ನು ಎತ್ತುವ ಮೊದಲೇ ನಟ್‌ಗಳನ್ನು ಸಡಿಲಿಸಬೇಕು. ಜಾಕಿನ ಮೇಲಿರುವ ಕಾರಿನ ಅಡಿಗೆ ಕೈಯಾಗಲಿ ಕಾಲಾಗಲಿ ಹೋಗಕೂಡದು.

ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ತೆಳ್ಳಗಿನ ತಾತ್ಕಾಲಿಕ ಬಗೆಯದಾಗಿದ್ದರೆ ಅದಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಗಾಳಿ ಬೇಕು, ವೇಗ ಗಂಟೆಗೆ 80 ಕಿಲೋಮೀಟರ್ ಮೀರಬಾರದು. ಎರಡೂ ಅಂಕಿಗಳು ಅದರ ಮೇಲೆಯೇ ಬರೆದಿರುತ್ತವೆ. ಚಕ್ರ ಬದಲಿಸಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಮರುದಿನ ಬೆಳಿಗ್ಗೆ ಆ ಟೈರಿನ ಒತ್ತಡವನ್ನೂ ತಣ್ಣಗಿರುವಾಗ ಅಳೆದು ಬರೆದಿಡಬೇಕು.